ಐದು ಚುಕ್ಕಿಯ ಡೇರೆ

ಅತ್ತೆ ನೀಲವ್ವ ಬಚ್ಚಲಲ್ಲಿ ಜಾರಿಬಿದ್ದು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡಾಗಿನಿಂದ, ಸುವರ್ಣಾ ನರಗುಂದದ ಮನೆಯ ಹೊಸ್ತಿಲು ದಾಟಿದ್ದು ದವಾಖಾನೆಗೆ ಮಾತ್ರ. ಗಂಡ ಸಿದ್ದಾರೂಢನದು ಬೀಜ-ಗೊಬ್ಬರದ ಅಂಗಡಿ. ಬಿತ್ತನೆಯ ಗದ್ದಲ ಮುಗಿದ ಮೇಲೆ ಒಂದು ದಿನ ಅವನೇ ಅಂದ, "ಎಲ್ಲ್ಯಾರ ಹೋಗಿ ಬರೂನೇನ? ಅವ್ವನ್ನೂ ಕರಕೊಂಡು. ನೀನ ನೋಡು ಎಲ್ಲಿಗಂತ."

ಹೋಗುವ ಜಾಗ ಹುಡುಕುವ ಕೆಲಸವೂ ಅವಳ ಪಾಲಿಗೇ ಬಂತು. ಪಾತ್ರೆ ತೊಳೆದು, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿ, ಮೊಬೈಲ್ ಹಿಡಿದು ಕೂತಳು. ಗಜೇಂದ್ರಗಡದ ಗುಡ್ಡದ ಮೇಲೆ ಒಂದು ಟೆಂಟ್ ಕ್ಯಾಂಪ್ ಇತ್ತು. ಹೋಗಿ ಬಂದು ಅದರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಐದೈದು ಚುಕ್ಕಿ ಕೊಟ್ಟಿದ್ದರು. ಗಾಳಿ ಅಂದರೆ ಗಾಳಿ, ಸಂಜೆ ಅಂದರೆ ಸಂಜೆ, ಮನೆಯೂಟದಂಥ ಊಟ. ನಡುವೆ ಯಾರೋ ಒಬ್ಬರು, 'ಶೌಚಾಲಯ ಕೆಳಗಿದೆ, ಇಳಿಯುವುದು ಕಷ್ಟ' ಎಂದು ಬರೆದು ಎರಡೇ ಚುಕ್ಕಿ ಕೊಟ್ಟಿದ್ದರು. ಎಲ್ಲದಕ್ಕೂ ಕೊಂಕು ತೆಗೆಯುವವರು ಇದ್ದೇ ಇರುತ್ತಾರೆ ಎಂದುಕೊಂಡು ಬೆರಳು ಮುಂದೆ ಸರಿಸಿದಳು. ಅದರ ಕೆಳಗೆ ಇನ್ನೊಬ್ಬರು, 'ಹಿರಿಯರ ಜೊತೆ ಹೋಗಿದ್ದೆವು, ಏನೂ ತೊಂದರೆ ಇಲ್ಲ' ಎಂದಿದ್ದರು. ಆ ಸಾಲನ್ನು ಎರಡು ಸಲ ಓದಿದಳು. ಅಲ್ಲಿಗೆ ಹುಡುಕುವುದು ಮುಗಿಯಿತು.

ಯಾವಗಲ್, ರೋಣ ದಾಟಿ ಮಧ್ಯಾಹ್ನದ ಹೊತ್ತಿಗೆ ಗುಡ್ಡ ಸೇರಿದರು. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತಣ್ಣನೆಯ ಗಾಳಿ, ದೂರದಲ್ಲಿ ತಿರುಗುವ ಗಾಳಿಯಂತ್ರಗಳು, ಕೆಳಗೆ ಹೆಸರುಬೆಳೆಯ ಹೊಲಗಳು. ಮಾಲೀಕ ಈಶಪ್ಪ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ತಾನೇ ಬಡಿಸಿದ. ಸಿದ್ದಾರೂಢ ಉಂಡು ಡೇರೆಯಲ್ಲಿ ಕಾಲು ಚಾಚಿ ಮಲಗಿಬಿಟ್ಟ. ಸುವರ್ಣಾಳೂ ಬೇವಿನ ಗಿಡದ ನೆರಳಲ್ಲಿ ಕಣ್ಣು ಮುಚ್ಚಿದಳು.

ಎಚ್ಚರಾದಾಗ ಬಿಸಿಲು ಇಳಿದಿತ್ತು. ನೀಲವ್ವ ಕುರ್ಚಿಯಲ್ಲಿ ಕೂತ ಹಾಗೇ ಕೂತಿದ್ದಳು. ಪಕ್ಕದಲ್ಲಿಟ್ಟಿದ್ದ ತಂಬಿಗೆಯ ನೀರು ಇಟ್ಟಷ್ಟೇ ಇತ್ತು. ತುಟಿಗಳು ಒಣಗಿ ಬಿಳಿಚಿದ್ದವು.

"ನೀರ ಕುಡದಿಲ್ಲೇನ್ರಿ ಅತ್ತಿ?"

"ನೀರಡಿಕಿ ಇಲ್ಲವಾ."

"ಖಾರದ ಪಲ್ಯ ಉಂಡೀರಿ."

ನೀಲವ್ವ ಇಳಿಜಾರಿನ ಕಡೆ ನೋಡಿದಳು. ಅಲ್ಲಿ ಕಲ್ಲು ಕಡಿದು ಮಾಡಿದ ಮೆಟ್ಟಿಲು, ಹಿಡಿಯಲು ಏನೂ ಇಲ್ಲ, ಕೆಳಗೆ ತಗಡಿನ ಬಾಗಿಲಿನ ಶೌಚಾಲಯ. ಸುವರ್ಣಾಳಿಗೆ ಅರ್ಥವಾಯಿತು. ಇಳಿಯಬೇಕಾದೀತೆಂದು ಮುದುಕಿ ನೀರನ್ನೇ ಬಿಟ್ಟು ಕೂತಿದ್ದಳು.

ಅವಳು ಗಂಡನನ್ನು ಎಬ್ಬಿಸಿದಳು. "ಏಳ್ರಿ. ಮನಿಗೆ ಹೋಗೂನು."

"ಈಗ? ರಾತ್ರಿ ಇರಾಕಂತ ಬಂದೇವಲ್ಲ. ಅಷ್ಟು ಮಂದಿ ಚಲೋ ಐತಿ ಅಂತ ಬರದಾರ ಅಂದಿ."

"ಅವರಿಗೆ ಚಲೋ ಇತ್ತು."

ಮಗನೂ ಸೊಸೆಯೂ ಎರಡೂ ಕಡೆ ಹಿಡಿದು, ಒಂದೊಂದೇ ಮೆಟ್ಟಿಲು ನೀಲವ್ವನನ್ನು ಇಳಿಸಿ ಹತ್ತಿಸಿದರು. ಏದುಸಿರು ಬಿಡುತ್ತಿದ್ದ ತಾಯಿಯನ್ನು ಕಾರಿನಲ್ಲಿ ಕೂರಿಸಿದ ಮೇಲೆ ಸಿದ್ದಾರೂಢ ತಾನೇ ಚೀಲ ತಂದಿಟ್ಟ.

ಕಾರು ರೋಣ ದಾಟಿತು. ಆಮೇಲೆ ನೀಲವ್ವ ಅಂದಳು, "ಫೋನಿನ್ಯಾಗ ಊರ ಮಂದಿನೆಲ್ಲ ಕೇಳಿದಿ. ನನ್ನೊಬ್ಬಾಕಿನ್ನ ಕೇಳಿದ್ರ ಆಗತಿತ್ತು."

ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಸುವರ್ಣಾಳಿಗೆ ಹೆಚ್ಚು ನಾಟಿತು. ಕೇಳಿದ್ದರೆ ಅತ್ತೆ ಬೇಡ ಅನ್ನುತ್ತಿದ್ದಳು. ಬೇಡ ಅನ್ನಿಸಿಕೊಳ್ಳಲು ತನಗೆ ಮನಸ್ಸಿರಲಿಲ್ಲ. ದಣಿದವಳಿಗೆ ಯಾರಾದರೂ 'ಏನೂ ತೊಂದರೆ ಇಲ್ಲ' ಅಂದರೆ ಸಾಕಾಗಿತ್ತು. ಗುರುತಿಲ್ಲದವರು ಅಂದರು, ನಂಬಿದಳು.

"ತಪ್ಪಾತ್ರಿ ಅತ್ತಿ," ಅಂದಳು.

"ಇರ್ಲಿ ಬಿಡು. ಗಾಳಿ ಮಾತ್ರ ಖರೇನ ಚಲೋ ಇತ್ತು."

ಮರುದಿನ ಸುವರ್ಣಾಳೂ ಮೊಬೈಲಿನಲ್ಲಿ ಆ ಕ್ಯಾಂಪಿನ ಬಗ್ಗೆ ಬರೆದಳು. ಊಟ, ಗಾಳಿ ಎರಡನ್ನೂ ಹೊಗಳಿದಳು. ಶೌಚಾಲಯಕ್ಕೆ ಎಷ್ಟು ಇಳಿಯಬೇಕು, ಮೆಟ್ಟಿಲು ಹೇಗಿವೆ, ಮೊಣಕಾಲು ನೋವಿನವರು ಏಕೆ ಬರಬಾರದು ಎಂಬುದನ್ನೂ ಬಿಡಿಸಿ ಬರೆದಳು.

ಸಂಜೆ ಈಶಪ್ಪನ ಫೋನು ಬಂತು. ಜಗಳಕ್ಕೆ ಬಂದನೆಂದುಕೊಂಡಳು. ಆದರೆ ಅವನ ದನಿ ಸೋತಂತಿತ್ತು.

"ಅಕ್ಕಾರ, ನೀವು ಬರದದ್ದನ್ನ ತಗೀತೀರೇನ್ರಿ? ಮಂದಿ ಬರೂದು ಅದನ್ನ ನೋಡೇ ರೀ."

"ಹಿರಿಯರಿಗೆ ತೊಂದರಿಲ್ಲ ಅಂತ ಯಾರೋ ಬರದಾರಲ್ಲ. ಅವರ ಯಾರು?"

"ಬಾಗಲಕೋಟಿಯವರು. ಅವರಪ್ಪ ಮಿಲ್ಟ್ರಿಯಿಂದ ಬಂದವರ್ರಿ. ಮುಂಜಾನೆದ್ದು ಗುಡ್ಡ ಏರಿ ಇಳೀತಿದ್ರು. ಸುಳ್ಳೇನ ಬರದಿಲ್ಲ ಅವರು."

"ನಾನೂ ಸುಳ್ಳ ಬರದಿಲ್ಲ ಈಶಪ್ಪ. ಮೆಟ್ಟಿಲಿಗೆ ಒಂದು ಹಿಡಿಗಂಬಿ ಹಾಕಸ್ರಿ, ಮ್ಯಾಲ ಒಂದು ಸಣ್ಣ ಶೌಚಾಲಯ ಕಟ್ಟಸ್ರಿ. ಹಾಕ್ಸಿದ ದಿನ ಫೋಟೋ ಕಳಿಸ್ರಿ, ಅದನ್ನೂ ಬರೀತೀನಿ."

"ನೋಡೂನ್ರಿ," ಅಂದ ಅವನು. ಮಾಡುತ್ತೇನೆ ಅನ್ನಲಿಲ್ಲ, ಮಾಡುವುದಿಲ್ಲ ಅಂತಲೂ ಅನ್ನಲಿಲ್ಲ.

ಅವಳು ಫೋನು ಇಟ್ಟಳು. ಬರೆದದ್ದನ್ನು ತೆಗೆಯಲಿಲ್ಲ. ಒಳಗೆ ನೀಲವ್ವ ಕೋಲು ಊರಿಕೊಂಡು ಬಚ್ಚಲಿನತ್ತ ಹೊರಟ ಸದ್ದಾಯಿತು. ಸುವರ್ಣಾ ಎದ್ದು ಹೋಗಿ ಅವಳ ರಟ್ಟೆ ಹಿಡಿದಳು.