ಅರಮನೆಯ ಬಟ್ಟೆ ಮೊದಲು

ಬೆಡ್‌ಶೀಟಿನ ಆ ತುದಿ ದೊಡ್ಡಮ್ಮನ ಕೈಯಲ್ಲಿ, ಈ ತುದಿ ನನ್ನ ಕೈಯಲ್ಲಿ, ನಡುವೆ ಬಿಳಿ ಬಟ್ಟೆ ಸಣ್ಣಗೆ ಉಬ್ಬಿ ಇಳಿಯುತ್ತಿದೆ, ಕೆಳಗೆ ಯಾರೋ ಮಲಗಿ ಉಸಿರಾಡುತ್ತಿರುವ ಹಾಗೆ, ಇಬ್ಬರೂ ಮಾತಾಡುವುದಿಲ್ಲ, ಅರಮನೆಯ ಬಟ್ಟೆ ಮಡಚುವಾಗ ಈ ಲಾಂಡ್ರಿಯಲ್ಲಿ ಯಾರೂ ಮಾತಾಡುವುದಿಲ್ಲ, ಒಗೆದ ಬಟ್ಟೆಯ ಮೇಲೆ ನಮ್ಮ ಬಾಯಿಯ ಗಾಳಿ ಬೀಳಬಾರದು, ಯಜಮಾನರ ಅಪ್ಪನ ಕಾಲದಿಂದ ಬಂದ ರೂಢಿ — ದೊಡ್ಡಮ್ಮ ಗದ್ದ ಎತ್ತಿದರೆ ಎಳೆ ಎಂದು, ಕಣ್ಣು ಮಿಟುಕಿಸಿದರೆ ಹತ್ತಿರ ಬಾ ಎಂದು, ನಾನು ಹತ್ತಿರ ಹೋಗುತ್ತೇನೆ, ತುದಿಗಳನ್ನು ಅವಳ ಬೆರಳಿಗೆ ಕೊಟ್ಟು ಹಿಂದೆ ಬರುತ್ತೇನೆ. ನನಗೆ ಈ ಕೆಲಸ ಇಷ್ಟ, ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ಬೆವರುತ್ತಿದ್ದೆ, ಅರ್ಧಕ್ಕೇ ಬಿಡಿಸಿ ಅಮ್ಮ ತನ್ನ ಜೊತೆ ಇಲ್ಲಿ ಕೆಲಸಕ್ಕೆ ಕರೆತಂದಳು, ಇಲ್ಲಿ ಸುಮ್ಮನಿದ್ದರೂ ಬೈಯೋರಿಲ್ಲ ಬಾ ಎಂದಳು, ಅಮ್ಮ — ಅಮ್ಮ ಈಗ ಹೇಗೆ ಮಲಗಿದ್ದಾಳೋ, ಮಗ್ಗುಲಾಗಿದ್ದರೆ ಸಾಕು, ಅಂಗಾತ ಬೇಡ. ಬಟ್ಟೆಯ ಮೂಲೆಯಲ್ಲಿ ಹಳದಿ ದಾರದ ಕಿರೀಟ, ಹೆಬ್ಬೆರಳಿನಷ್ಟು, ಅದು ಮೇಲೆ ಬರುವ ಹಾಗೆ ಮಡಚಬೇಕು, ಪಕ್ಕದಲ್ಲಿ ಒಂದು ತೇಪೆ, ಮೊದಲ ಸಲ ಅದನ್ನು ಕಂಡಾಗ ನನ್ನ ಎದೆ ಝಲ್ಲೆಂದಿತ್ತು, ಅರಸರ ಹಾಸಿಗೆಗೂ ತೇಪೆಯೇ ಎಂದು, ನೋಡೇ, ಅವರೂ ಹೊಲಿಸ್ಕೊಂಡೇ ಬಳಸ್ತಾರೆ, ನಮ್ಮ ಹಾಗೇ, ಎಂದು ದೊಡ್ಡಮ್ಮ ಆಮೇಲೆ ಇಸ್ತ್ರಿ ಮೇಜಿನ ಹತ್ತಿರ ಹೇಳಿದಾಗ ಅವಳ ಕಣ್ಣು ತುಂಬಿತ್ತು, ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ ಮಾವ, ಅವಳ ಕಿರಿಯ ತಮ್ಮ, ಹೊಲಿಯೋದಕ್ಕೆ ಅಂತಲೇ ಒಬ್ಬಳಿಗೆ ಸಂಬಳ ಕೊಡ್ತಾರಲ್ಲಕ್ಕಾ, ನಮ್ಮ ಹಾಗೆ ಹೇಗಾಯ್ತು, ಎಂದ, ನಿನ್ನ ನಾಲಿಗೆಗೊಂದು ಇಸ್ತ್ರಿ ಹಾಕ್ಬೇಕು ಕಣೋ, ಎಂದಳು ದೊಡ್ಡಮ್ಮ.

ದೇಶಕ್ಕೆಲ್ಲ ಜ್ವರ ಹಬ್ಬಿದ ಮೇಲೆ ರೈಲು ನಿಂತಿತು, ಕಲ್ಲಿದ್ದಲು ಬರುವುದು ನಿಂತಿತು, ಈಗ ದಿನಕ್ಕೆ ಒಂದೇ ಸಲ ಬಾಯ್ಲರ್ ಹೊತ್ತಿಸುತ್ತೇವೆ, ಅರಮನೆಯದೂ ಆಸ್ಪತ್ರೆಯದೂ ಸೇರಿ ಒಂದೇ ತೊಟ್ಟಿ ಬಟ್ಟೆ ಕುದಿಯುತ್ತದೆ. ಅರಸರು ರೇಡಿಯೋದಲ್ಲಿ ಮಾತಾಡಿದ ಸಂಜೆ ಬೀದಿಯವರೆಲ್ಲ ದರ್ಜಿಯ ಅಂಗಡಿಯ ಮುಂದೆ ನಿಂತಿದ್ದೆವು, ನಿಮಗೆ ಬಂದದ್ದೇ ನಮಗೂ ಬಂದಿದೆ, ಎಂದರು, ನಡುವೆ ಕೆಮ್ಮಿದರು, ಆ ಕೆಮ್ಮು ಕೇಳಿ ದರ್ಜಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟ, ಹೆಂಡತಿ ಹೋದಾಗಲೂ ಅವನು ಅತ್ತಿರಲಿಲ್ಲ, ನನಗೂ ಮೈ ಜುಮ್ಮೆಂದಿತು, ಅಷ್ಟು ದೊಡ್ಡವರ ಗಂಟಲಲ್ಲೂ ಕಫ ಕಟ್ಟುತ್ತದೆಯೇ — ಜ್ವರಕ್ಕೆ ಕಿರೀಟ ಕಾಣಲ್ಲ ಬಿಡ್ರೀ, ಎಂದಳು ತರಕಾರಿಯವಳು, ಜ್ವರಕ್ಕೆ ಕಾಣಲ್ಲ, ಡಾಕ್ಟರಿಗೆ ಕಾಣುತ್ತಲ್ಲಮ್ಮಾ, ಎಂದ ಮಾವ, ಎಲ್ಲರೂ ಶ್ ಶ್ ಎಂದರು, ಯಾರೋ ಅವನ ಬೆನ್ನಿಗೆ ಗುದ್ದಿದರು. ಮರುದಿನವೇ ಅರಮನೆಯಿಂದ ಫೋನು ಬಂತು, ನಮ್ಮದು ತಡವಾದರೂ ಚಿಂತೆಯಿಲ್ಲ, ಆಸ್ಪತ್ರೆಯದನ್ನು ಮೊದಲು ಒಗೆಯಿರಿ, ಯಜಮಾನರು ಎದ್ದು ನಿಂತು ಆಯ್ತು ಆಯ್ತು ಎಂದು ಫೋನು ಇಟ್ಟರು, ಇಟ್ಟ ಮೇಲೂ ನಿಂತೇ ಇದ್ದರು, ಆಮೇಲೆ ನಮ್ಮ ಕಡೆ ತಿರುಗಿ, ಎಂಥಾ ಮನಸ್ಸು ನೋಡ್ರೋ, ಅಂಥವರ ಬಟ್ಟೆ ಹಿಂದೆ ಇಡೋಕಾಗುತ್ತಾ, ಹಾಗೆ ಹೇಳೋದು ಅವರ ದೊಡ್ಡತನ, ಹೇಳಿದ್ರು ಅಂತ ಹಾಗೇ ಮಾಡಿದ್ರೆ ಅದು ನಮ್ಮ ಸಣ್ಣತನ, ಹಾಕ್ರೋ ಅರಮನೇದು ಮೊದಲು, ಎಂದರು. ಯಾರಿಗೂ ತಪ್ಪೆನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ, ಅರಮನೆಯಲ್ಲೂ ಕಾಯಿಲೆಯಲ್ಲವೇ, ಬೆವರಿನ ಬೆಡ್‌ಶೀಟುಗಳು ದಿನವೂ ಬರುತ್ತಿದ್ದವು, ಮೊದಲಿಗಿಂತ ಮೃದುವಾಗಿ ಒಗೆದೆವು, ಇನ್ನೊಂದು ಸಲ ಜಾಲಿಸಿದೆವು, ಉಳಿದ ಬಿಸಿನೀರಿಗೆ ಆಸ್ಪತ್ರೆಯ ಒಂದು ಗಂಟು ಮಾತ್ರ ಬಿಚ್ಚಿದೆವು, ಮಿಕ್ಕವು ಬಾಗಿಲ ಬಳಿ ಒಂದರ ಮೇಲೊಂದು ಬಿದ್ದು ಕಿಟಕಿಯ ಬೆಳಕನ್ನೇ ಮುಚ್ಚಿದವು.

ಆಮೇಲೆ ಅಮ್ಮನಿಗೆ ಬಂತು. ಆಸ್ಪತ್ರೆಯೊಳಕ್ಕೆ ಮನೆಯವರನ್ನು ಬಿಡುವುದಿಲ್ಲ, ಮನೆಯ ಬಟ್ಟೆಯನ್ನೂ ಬಿಡುವುದಿಲ್ಲ, ಲಾಂಡ್ರಿಯಲ್ಲಿ ಕುದಿಸಿದ್ದು ಮಾತ್ರ ಒಳಗೆ ಹೋಗುತ್ತದೆ, ನಿನ್ನೆ ಗಾಡಿಯ ಜೊತೆ ನಾನು ಹೋದಾಗ ನರ್ಸಮ್ಮ ಗೇಟಿನ ಸರಳಿನ ಆಚೆಯಿಂದಲೇ ಬೈದಳು, ಇಷ್ಟೇನಾ, ಇಷ್ಟೇನಾ ತಂದಿರೋದು, ಜನಾನ ಬರೀ ರೆಕ್ಸಿನ್ ಮೇಲೆ ಮಲಗಿಸಿದ್ದೀವಿ, ಬೆವರಿಗೆ ಅಂಟ್ಕೊಂಡು ಚರ್ಮ ಕಿತ್ತು ಬರ್ತಿದೆ, ಅಲ್ಲೇನು ನಿದ್ದೆ ಹೊಡೀತಿದ್ದೀರಾ ಎಲ್ಲರೂ — ನಾನು ತಲೆ ಬಗ್ಗಿಸಿಕೊಂಡು ಪಕ್ಕದ ಗೋಡೆಯ ಕಿಟಕಿಗೆ ಹೋದೆ, ಕೊನೆಯ ಮಂಚದಲ್ಲಿ ಅಮ್ಮನನ್ನು ಯಾರೋ ಮಗ್ಗುಲಿಗೆ ಹೊರಳಿಸುತ್ತಿದ್ದರು, ನೀಲಿ ರೆಕ್ಸಿನ್ನಿನಿಂದ ಬೆನ್ನು ನಿಧಾನವಾಗಿ ಬಿಟ್ಟುಕೊಂಡಿತು, ಗಾಜಿನ ಈಚೆ ಸದ್ದು ಕೇಳಿಸಲಿಲ್ಲ, ಆದರೂ ಕೇಳಿಸಿತು, ಹಾಸಿಗೆಯ ಗುಂಡಿಗಳ ದುಂಡು ಗುರುತು ಬೆನ್ನ ಮೇಲೆ ಸಾಲಾಗಿ, ಕೆಂಪಗೆ, ಒಂದೊಂದೂ ಹಸಿ. ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ, ನಾಳೆ ಆಸ್ಪತ್ರೆಯದು ಮೊದಲು ಹಾಕೋಣ ದೊಡ್ಡಮ್ಮಾ, ಅವಳು ಮುಖ ಮುಚ್ಚಿಕೊಂಡು ಅತ್ತಳು, ಸ್ವಂತ ತಂಗಿಯಲ್ಲವೇ, ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಅರಸರಿಗೇ ಹುಷಾರಿಲ್ಲ ಕಣೇ, ಅವರದ್ದನ್ನ ಹೇಗೆ ಹಿಂದೆ ಇಡ್ಲಿ, ನಿಮ್ಮಮ್ಮನೇ ಇಲ್ಲಿದ್ದಿದ್ರೂ ಇಡ್ತಿರಲಿಲ್ಲ, ಎಂದಳು, ಅದು ನಿಜ, ಅಮ್ಮ ಇಡುತ್ತಿರಲಿಲ್ಲ.

ಹೊರಗೆ ಕಾರು ನಿಂತ ಸದ್ದು, ಯಜಮಾನರು ಓಡಿ ಬರುತ್ತಾರೆ, ರಾಣಿಯವರು, ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದ್ರಂತೆ, ನಿಂತ್ಕೊಳ್ರೋ, ಸರಿಯಾಗಿ ನಿಂತ್ಕೊಳ್ರೋ — ಬಂದೇಬಿಟ್ಟರು, ಇಷ್ಟು ಕುಳ್ಳಗಿದ್ದಾರೆಯೇ, ನಾಣ್ಯದ ಮೇಲೆ ಕುತ್ತಿಗೆಯವರೆಗೆ ಮಾತ್ರ ಕಂಡಿದ್ದೆ, ಕೆಳಗೆ ಕಾಲೂ ಇದೆ, ಚಪ್ಪಲಿಗೆ ಕೆಸರು ಮೆತ್ತಿದೆ, ಮೂಗು ಬಾಯಿ ಮುಚ್ಚಿದ ಬಟ್ಟೆಯ ಮೇಲೆ ಎರಡು ನಿದ್ದೆಗೆಟ್ಟ ಕಣ್ಣು, ಹತ್ತಿರ ಬಂದಾಗ ವಾಸನೆ, ಅರಮನೆಯವರ ವಾಸನೆ ಏನೋ ಎಂತೋ ಎಂದುಕೊಂಡಿದ್ದೆ, ನಮ್ಮದೇ ಸೋಪು, ನಮ್ಮದೇ ಗಂಜಿ, ತೋಳಿನ ಮೇಲಿನ ಆ ಇಸ್ತ್ರಿಯ ಗೆರೆ ನಾನು ಎಳೆದದ್ದು, ಬಲಗಡೆ ಒಂದಿಷ್ಟು ಸೊಟ್ಟ, ನನ್ನ ಸೊಟ್ಟ ಗೆರೆಯನ್ನು ತೊಟ್ಟುಕೊಂಡು ರಾಣಿ ನಡೆಯುತ್ತಿದ್ದಾರೆ, ಈ ಕಣ್ಣಲ್ಲಿ ಇದನ್ನು ನೋಡಿದೆನಲ್ಲ, ಅಮ್ಮನಿಗೆ ಹೇಳಬೇಕು, ಅಮ್ಮ ನಂಬುವುದಿಲ್ಲ. ಮಾವ, ಮಾವನನ್ನು ನೋಡಬೇಕು, ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಎಲ್ಲರಿಗಿಂತ ಕೆಳಗೆ ಬಾಗಿದ್ದಾನೆ, ಮಸಿ ಹತ್ತಿದ ಕೈಗಳನ್ನು ಹಿಂದೆ ಬಚ್ಚಿಟ್ಟುಕೊಂಡಿದ್ದಾನೆ. ಆಸ್ಪತ್ರೆಯದು ಎಲ್ಲಿ, ಎನ್ನುತ್ತಾರೆ ರಾಣಿ, ಮೆಲ್ಲಗೆ, ಆಗ್ತಾ ಇದೆ ತಾಯಿ, ಈಗ ಆಗುತ್ತೆ, ಎನ್ನುತ್ತಾರೆ ಯಜಮಾನರು ಗಂಟುಗಳಿಗೆ ಅಡ್ಡ ನಿಂತು, ರಾಣಿಯ ಕಣ್ಣು ಮೇಲಿನ ಹಗ್ಗಕ್ಕೆ ಹೋಗುತ್ತದೆ, ಕಿರೀಟ, ಕಿರೀಟ, ಕಿರೀಟ, ನಾವು ಹೇಳಿ ಕಳಿಸಿದ್ದೆವಲ್ಲ, ಎನ್ನುತ್ತಾರೆ, ತಮ್ಮದನ್ನ ಹಿಂದೆ ಇಡೋಕೆ ಕೈ ಬರಲ್ಲ ತಾಯಿ, ಯಜಮಾನರು ಅಳುತ್ತಿದ್ದಾರೆ, ದೊಡ್ಡಮ್ಮನೂ ಅಳುತ್ತಿದ್ದಾಳೆ, ಸಂತೋಷಕ್ಕೆ, ರಾಣಿ ಏನೋ ಹೇಳಲು ಹೊರಟು ನಿಲ್ಲಿಸುತ್ತಾರೆ, ಬೈದರೆ ಇವರು ನಿಂತಲ್ಲೇ ಕುಸಿಯುತ್ತಾರೆಂದು ತಿಳಿದಿರಬೇಕು, ಮೆಚ್ಚಿದರೆ ನಾಳೆಯೂ ಹೀಗೇ ಮಾಡುತ್ತಾರೆ.

ಜೊತೆಗೆ ಬಂದ ಕಾರ್ಯದರ್ಶಿ, ಯಾರಿಗಾದರೂ ಏನಾದರೂ ಕೇಳುವುದಿದೆಯೇ, ಎನ್ನುತ್ತಾರೆ, ಹೋದ ಕಡೆಯೆಲ್ಲ ಹೇಳುವ ಮಾತಿರಬೇಕು, ಆಗಲೇ ಬಾಗಿಲ ಕಡೆ ತಿರುಗಿದ್ದಾರೆ, ಏನಿಲ್ಲ, ಏನಿಲ್ಲ, ತಮ್ಮ ದಯ, ಎನ್ನುತ್ತಾರೆ ಎಲ್ಲರೂ, ಮಾವನೂ, ತಮ್ಮ ದಯ. ಮಡಚಿದ ಬೆಡ್‌ಶೀಟ್ ನನ್ನ ತೋಳಿನ ಮೇಲಿದೆ, ಬೆಚ್ಚಗಿದೆ, ಕುದಿಸಿದ್ದು, ಒಣಗಿದ್ದು, ಇದನ್ನು ಯಾವ ನರ್ಸಮ್ಮನೂ ಬೇಡ ಎನ್ನುವಂತಿಲ್ಲ, ಅಮ್ಮನ ಬೆನ್ನು, ರಾಣಿ ನನ್ನ ಮುಂದೆ ಹಾದುಹೋಗುತ್ತಿದ್ದಾರೆ, ಕೈ ಚಾಚಿದರೆ ತಾಗುತ್ತಾರೆ, ಬೆನ್ನು, ದುಂಡು ಗುರುತುಗಳು, ಇನ್ನೆರಡು ಹೆಜ್ಜೆಗೆ ಬಾಗಿಲು — ಯಾರದೋ ದನಿ, ಸಣ್ಣದು, ಒಡಕು, ನನ್ನದೇ, ಇದನ್ನ ನಮ್ಮಮ್ಮನಿಗೆ ಕೊಡ್ಲಾ, ಎನ್ನುತ್ತಿದೆ. ದೊಡ್ಡಮ್ಮನ ಉಗುರು ನನ್ನ ಮೊಣಕೈಗೆ ಇಳಿಯುತ್ತದೆ, ರಾಣಿ ನಿಂತಿದ್ದಾರೆ, ಕಾರ್ಯದರ್ಶಿ ರಾಣಿಯ ಮುಖ ನೋಡುತ್ತಾರೆ, ರಾಣಿ ಯಜಮಾನರ ಮುಖ, ಯಜಮಾನರು ನೆಲ, ಬಾಯ್ಲರ್ ಸುಸ್ಸೆನ್ನುತ್ತದೆ, ಬೆನ್ನು, ನೀಲಿಯಿಂದ ಬಿಟ್ಟುಕೊಳ್ಳುವ ಬೆನ್ನು, ಕೆಂಪು ದುಂಡುಗಳು, ಬೆನ್ನು — ಬರೀ ರೆಕ್ಸಿನ್ ಮೇಲೆ ಮಲಗಿದ್ದಾಳೆ, ಇದೊಂದನ್ನ ನಮ್ಮಮ್ಮನಿಗೆ ಕೊಡ್ಲಾ.