ಉಪ್ಪುನೆಲ್ಲಿಯ ಪಥ್ಯ

ಅಜ್ಜಿಯ ಉಗ್ರಾಣದ ಬಾಗಿಲು ತೆಗೆದರೆ ಉಪ್ಪುನೀರಲ್ಲಿ ನೆನೆದ ನೆಲ್ಲಿಕಾಯಿಯ ವಾಸನೆ ಬರುತ್ತಿತ್ತು. ಹುಳಿ, ಒಗರು, ಜೊತೆಗೆ ಸೂಜಿಮೆಣಸಿನ ಘಾಟು. ಮದುವೆಯಾಗಿ ಬಾಳೂರಿನ ಈ ಕಾಫಿತೋಟದ ಮನೆಗೆ ಬಂದ ಮೇಲೂ ನಾನು ಹಾಗೆಯೇ ಭರಣಿ ತುಂಬಿಸುತ್ತಿದ್ದೆ. ಹಸಿ ನೆಲ್ಲಿ ಸಿಗುವುದು ಕೆಲವೇ ತಿಂಗಳು. ಉಳಿದಂತೆ ವರ್ಷವಿಡೀ ನಮ್ಮ ಮನೆಯಲ್ಲಿ ನೆಲ್ಲಿಕಾಯಿ ಎಂದರೆ ಭರಣಿಯದೇ.

ಎರಡು ಸಾವಿರದ ಎರಡರಲ್ಲಿ ನಮ್ಮವರಿಗೆ ಕೊಲೆಸ್ಟರಾಲ್ ಬಹಳ ಹೆಚ್ಚಿದೆ, ಮೂತ್ರಪಿಂಡವೂ ಸೋಲುತ್ತಿದೆ ಎಂದು ಚಿಕ್ಕಮಗಳೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಇನ್ನೂ ಕೆಟ್ಟರೆ ಡಯಾಲಿಸಿಸ್‌ಗೆ ಮಂಗಳೂರಿಗೆ ಓಡಾಡಬೇಕಾದೀತು ಎಂದೂ ಎಚ್ಚರಿಸಿದರು.

ಆಮೇಲೊಂದು ಬೆಳಿಗ್ಗೆ ನಮ್ಮವರು ಪತ್ರಿಕೆ ಹಿಡಿದು ಅಡುಗೆಮನೆಗೆ ಬಂದರು. ಕೊಬ್ಬು ತಿನ್ನಿಸಿದ ಹಂದಿಗಳಿಗೆ ಸಿ ಮತ್ತು ಇ ವಿಟಮಿನ್ ಕೊಟ್ಟಾಗ, ಕೊಲೆಸ್ಟರಾಲ್ ಇಳಿಯದಿದ್ದರೂ ಮೂತ್ರಪಿಂಡದ ರಕ್ತನಾಳಗಳು ಅಷ್ಟು ಕೆಡಲಿಲ್ಲವಂತೆ.

"ಹಂದಿಗೇ ಆಗುತ್ತೆ ಅಂದ್ರೆ ನಂಗಾಗಲ್ವಾ?"

"ಹಂದಿ ಕೊಟ್ಟಿದ್ದು ತಿನ್ನುತ್ತೆ. ನೀವು ತಿಂತೀರಾ?" ಎಂದೆ.

ನಕ್ಕರು. ಇ ವಿಟಮಿನ್ನಿನ ಗುಳಿಗೆ ಮೂಡಿಗೆರೆಯಿಂದ ಬಂತು. ಸಿ ವಿಟಮಿನ್ನಿಗೆ, "ನೆಲ್ಲಿಕಾಯಿಗಿಂತ ಬೇಕಾ?" ಎಂದು ಪ್ರತಿ ಊಟಕ್ಕೂ ಭರಣಿಯಿಂದ ನಾಲ್ಕೈದು ಹಾಕಿಸಿಕೊಂಡರು. ಡಾಕ್ಟರ ಮಾತ್ರೆಯನ್ನು ಯಾವಾಗ ಬಿಟ್ಟರೋ, ನಮಗೆ ಹೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಕಾಲು ಊದಿಕೊಂಡಿತು. ಸೊಸೆ ದೀಪಶ್ರೀ ಜೀಪಿನಲ್ಲಿ ನಮ್ಮಿಬ್ಬರನ್ನೂ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದಳು. ಡಾಕ್ಟರು ರಕ್ತದೊತ್ತಡ ನೋಡಿ, ಮತ್ತೊಮ್ಮೆ ನೋಡಿ, ಏನೇನು ತಿನ್ನುತ್ತೀರಿ ಎಂದು ಕೇಳಿದರು.

"ನೆಲ್ಲಿಕಾಯಿ," ಎಂದರು ಇವರು ಹೆಮ್ಮೆಯಿಂದ.

"ಒಳ್ಳೇದೇ ಅಲ್ವಾ."

"ಭರಣೀದು ಡಾಕ್ಟ್ರೇ, ಉಪ್ಪಲ್ಲಿ ಹಾಕಿದ್ದು," ಎಂದಳು ದೀಪಶ್ರೀ.

ಪತ್ರಿಕೆಯ ಹಂದಿಗಳ ಸುದ್ದಿಯನ್ನೂ, ಮಾತ್ರೆ ಬಿಟ್ಟಿದ್ದನ್ನೂ ಇವರು ಆಗ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. "ಶಾಂತವೀರಪ್ಪನೋರೇ, ಅದು ಹಂದಿಗಳ ಮೇಲೆ ಮಾಡಿದ್ದು. ಮನುಷ್ಯರಿಗೂ ಹಾಗೇ ಅಂತ ಯಾರೂ ಹೇಳಿಲ್ಲ. ಒಂದ್ವೇಳೆ ಆಗುತ್ತೆ ಅಂದ್ರೂ, ಮೂತ್ರಪಿಂಡ ಕೆಡೋ ಮುಂಚೆ ಕಾಪಾಡೋಕಷ್ಟೇ."

"ಕಾಫಿಗೆ ಬೋರ್ಡೋ ಔಷಧಿ ಹೊಡೆದಂಗೆ," ಎಂದರು ಇವರು ಸಣ್ಣ ದನಿಯಲ್ಲಿ. "ಕೊಳೆರೋಗ ಬಂದ್ಮೇಲೆ ಹೊಡೆದು ಏನುಪಯೋಗ."

"ನೀವು ಮಾತ್ರೆ ಬಿಟ್ಟು, ಬುಡಕ್ಕೆ ಉಪ್ಪು ಬೇರೆ ಸುರಿದಿದೀರಿ ಮಾರಾಯ್ರೇ."

ಅಂದಿನಿಂದ ಮಾತ್ರೆ ಮತ್ತೆ ಶುರುವಾಯಿತು, ಉಪ್ಪು ನಿಂತಿತು. ಒಬ್ಬನೇ ಸಪ್ಪೆ ತಿನ್ನಲಾರೆ ಎಂದು ಇವರು ತಟ್ಟೆ ದೂಡಿದರು. ನಾನೂ ಸಪ್ಪೆಯನ್ನೇ ಬಡಿಸಿಕೊಂಡೆ. ಆಗ ತಿಂದರು. ಹಾಗೆ ಚಳಿಗಾಲ ಕಳೆಯಿತು. ನನಗೆ ಊಟದ ಹೊತ್ತಾದರೆ ಸುಸ್ತಾಗುತ್ತಿತ್ತು. ಬಾಯಿಗೆ ಏನೂ ಬೇಡವೆನಿಸುತ್ತಿತ್ತು. ಕುಪ್ಪಸ ಸಡಿಲವಾಗಿತ್ತು. ಅದನ್ನು ಯಾರೂ ಗಮನಿಸಿಲ್ಲವೆಂದುಕೊಂಡಿದ್ದೆ.

ಕಾಫಿ ಕೊಯ್ಲು ಮುಗಿದ ಮೇಲೆ ಮತ್ತೆ ರಕ್ತಪರೀಕ್ಷೆಗೆ ಹೋದೆವು. ಡಾಕ್ಟರು ರಿಪೋರ್ಟು ಓದುವಷ್ಟೂ ಹೊತ್ತು ಇವರು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು.

"ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದು ಹಾಗೇ ನಿಂತಿದೆ. ಮಂಗಳೂರು ಸದ್ಯಕ್ಕೆ ಬೇಡ. ಈ ಪಥ್ಯ ಮಾತ್ರ ಜನ್ಮಪೂರ್ತಿ."

ಜನ್ಮಪೂರ್ತಿ ಎಂದಾಗ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಸಂತೋಷಪಡುವುದಕ್ಕೂ ತ್ರಾಣವಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ದೀಪಶ್ರೀ ಬುತ್ತಿ ಬಿಚ್ಚಿದಳು. ಮಾವನಿಗೆ ಅವರ ಡಬ್ಬಿ ಕೊಟ್ಟಳು. ಆಮೇಲೆ ನಮ್ಮಿಬ್ಬರ ನಡುವೆ ಅವರಿಗೆ ಬೆನ್ನು ಮಾಡಿ ಕೂತು, ಇನ್ನೊಂದು ಡಬ್ಬಿಯನ್ನು ನನ್ನ ಮಡಿಲಿಗಿಟ್ಟಳು. ಬಿಸಿಯಾರದ ಕಡುಬು, ಕಾಯಿಚಟ್ನಿ.

"ಇದ್ರಲ್ಲಿ ಉಪ್ಪಿದೆ ಅತ್ತೆ," ಎಂದಳು ಮೆಲ್ಲಗೆ. "ತಿನ್ನಿ."