ಕೂತೇ ಹೋಗುತ್ತೇನೆಂದವಳು

ಕೂರಿಸಿ ಎಂದು ರೋಹಿಣಿ ಬಸ್ಸಿನಿಂದಲೇ ಫೋನು ಮಾಡಿ ಹೇಳಿದ್ದಳು. ಶಿರಸಿಯಲ್ಲಿ ಬಸ್ಸು ಬದಲಿಸುವಾಗ ಮತ್ತೊಮ್ಮೆ ಹೇಳಿದ್ದಳು. ಆದರೂ ಅವ್ವನನ್ನು ಮಲಗಿಸಿದ್ದರು. ಜಗುಲಿಯ ಮೇಲೆ ಚಾಪೆ, ತೆಂಕಣಕ್ಕೆ ತಲೆ. ಕಾಲಿನ ಹೆಬ್ಬೆರಳುಗಳೆರಡನ್ನೂ ಸೇರಿಸಿ ಬಿಳಿ ಬಟ್ಟೆಯ ಚೂರಿನಿಂದ ಬಿಗಿದಿದ್ದರು. ಬೆಳಗಿನ ಜಾವಕ್ಕೆ ಹೋದ ಜೀವ. ಆಗಲೇ ಮೀಯಿಸಿ ಮುಗಿದಿತ್ತು. ದಿನವೂ ಹಣೆಯ ಮೇಲಿರುತ್ತಿದ್ದ ವಿಭೂತಿಯ ಮೂರು ಎಳೆ ಹೋಗಿ, ದಪ್ಪಗೆ ಬಳಿದ ಅರಿಶಿನವೂ ಅದರ ನಡುವೆ ಕಾಸಗಲ ಕುಂಕುಮವೂ ಬಂದಿದ್ದವು. ಕೊರಳು ಬರಿದಾಗಿತ್ತು.

"ಲಿಂಗ ಎಲ್ಲಿ?" ಎಂದಳು ರೋಹಿಣಿ. ಅಲ್ಲಿ ಕೂತು ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಅವಳತ್ತ ನೋಡಿದರು.

ಚಿಕ್ಕಪ್ಪನ ಹೆಂಡತಿ ಜಯಾ ಎದ್ದು ಒಳಗಿನಿಂದ ಒಂದು ಸ್ಟೀಲಿನ ಬಟ್ಟಲು ತಂದಳು. ಅದರಲ್ಲಿ ಸರ, ಬಳೆ, ಮೂಗುತಿಯ ಜೊತೆಗೆ ಅವ್ವನ ಬೆಳ್ಳಿಯ ಕರಡಿಗೆಯೂ ಇತ್ತು. ಅದರೊಳಗಿನ ಲಿಂಗವನ್ನು ಅವ್ವ ಬೆಳಗಿನ ಪೂಜೆಗೆ ಅಂಗೈಗೆ ತೆಗೆದುಕೊಳ್ಳುತ್ತಿದ್ದದ್ದು ಬಿಟ್ಟರೆ ಎದೆಯಿಂದ ಇಳಿಸಿದವಳಲ್ಲ. ಹೆರಿಗೆಯಲ್ಲೂ ಇಳಿಸಿರಲಿಲ್ಲ.

"ಬಂಗಾರ ಅಂತ ಎತ್ತಿಟ್ಟದ್ದಲ್ಲ, ರೋಹಿಣಿ. ಮೀಯಿಸುವಾಗ ತೆಗೀರಿ ಅಂದ್ರು," ಎಂದು ಜಯಾ ಮೆಲ್ಲಗೆ ಹೇಳಿದಳು. ರೋಹಿಣಿ ಕರಡಿಗೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡಳು.

ಅವ್ವ ಮಹೇಶ್ವರಿ ಬನವಾಸಿ ಕಡೆಯ ಲಿಂಗಾಯತರ ಮಗಳು. ಅಲ್ಲಿನ ಅಕ್ಕಿ ಗಿರಣಿಯಲ್ಲಿ ಲಾರಿ ಓಡಿಸುತ್ತಿದ್ದ, ಸಿದ್ದಾಪುರ ಕಡೆಯ ರಾಘು ನಾಯ್ಕನ ಹಿಂದೆ ಉಟ್ಟ ಸೀರೆಯಲ್ಲಿ ಹೊರಟು ಬಂದವಳು. ತವರಿನವರು ಬಾಗಿಲು ಹಾಕಿಕೊಂಡರು. ಅಕ್ಕ ದೇವಕ್ಕ ಒಬ್ಬಳು ಮಾತ್ರ ಕದ್ದುಮುಚ್ಚಿ ಬಂದುಹೋಗುತ್ತಿದ್ದಳು. ಗಂಡನ ಮನೆಯಲ್ಲಿ ತಿರುಪತಿ ತಿಮ್ಮಪ್ಪನ ನಡಾವಳಿ, ವಾರಕ್ಕೆರಡು ಸಲ ಮೀನು. ಅವ್ವ ಎಲ್ಲರಿಗೂ ಮೀನು ಬೇಯಿಸಿ ಬಡಿಸಿ, ತನ್ನ ಅನ್ನವನ್ನು ಬೇರೆ ಒಲೆಯಲ್ಲಿ ಮಾಡಿಕೊಂಡು ಉಂಡಳು. ಆ ಒಲೆಯನ್ನು ಅಪ್ಪನೇ ಹಾಕಿಕೊಟ್ಟಿದ್ದ. ಆ ಮನೆಯಲ್ಲಿ ಅದೊಂದು ಜಗಳದ ವಿಷಯವೇ ಆಗಿರಲಿಲ್ಲ.

ಅಂಗಳದ ತುದಿಯಲ್ಲಿ ಚಿಕ್ಕಪ್ಪ ಮನೋಹರ ಮಾವಿನ ಕಟ್ಟಿಗೆ ಸೀಳಿಸುತ್ತಿದ್ದ. ರೋಹಿಣಿಯನ್ನು ಕಂಡು ಹತ್ತಿರ ಬಂದ. ಅತ್ತತ್ತು ಅವನ ಕಣ್ಣು ಕೆಂಪಾಗಿದ್ದವು.

"ಬಂದ್ಯಾ. ಮುಖ ನೋಡ್ಕಳೇ ಒಂದ್ಸಲ. ಬಿಸಿಲೇರದ್ರೊಳಗೆ ಮುಗಿಸದು."

"ನಾನು ಫೋನಲ್ಲಿ ಎಂತ ಹೇಳಿದ್ದೆ, ಚಿಕ್ಕಪ್ಪ?"

"ನೀ ಹೇಳಿದ್ದೆ, ನಾ ಕೇಳಿದ್ದೆ. ಈ ಮನೇಲಿ ಯಾರನ್ನೂ ಕೂರಿಸಿ ಹೂಳಿದ್ದಿಲ್ಲ."

"ಅವ್ವ ಕೇಳಿದ್ದು ಅದನ್ನೇ."

"ಕಾಯಿಲೆಲಿದ್ದವ್ರು ನೂರು ಮಾತಾಡ್ತಾರೆ."

ಅವ್ವ ನೂರು ಮಾತಾಡಿರಲಿಲ್ಲ. ಶಿರಸಿಯ ಆಸ್ಪತ್ರೆಯಲ್ಲಿ, ದೀಪಾವಳಿಯ ಹಿಂದು ಮುಂದು, ಗಂಡ ಮಗಳು ಇಬ್ಬರೂ ಇದ್ದಾಗ ಹೇಳಿದ್ದಳು: "ನನ್ನ ಸುಡಬ್ಯಾಡ್ರಿ. ಕುಂದ್ರಿಸಿ ಮಣ್ಣಿಗೆ ಇಡ್ರಿ. ಲಿಂಗ ಕೈಯಾಗಿರ್ಲಿ. ನಾ ನಿಮ್ಮನ್ನ ಬ್ಯಾರೆ ಏನೂ ಕೇಳಿಲ್ಲ." ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಇಷ್ಟು ವರ್ಷ ಇಲ್ಲಿಯ ಮಾತನ್ನೇ ಆಡುತ್ತಿದ್ದವಳ ಬಾಯಲ್ಲಿ ಅಂದು ತವರಿನ ಮಾತು ಬಂದಿತ್ತು.

"ಈಗಲಾದ್ರೂ ಕೂರ್ಸಿ," ಎಂದಳು ರೋಹಿಣಿ. "ಹೊತ್ತಾದಷ್ಟೂ ಮೈ ಸೆಟೀತದೆ, ಆಮೇಲೆ ಬಾಗದಿಲ್ಲ ಅಂತ ದೇವಕ್ಕ ದೊಡ್ಡವ್ವ ಹೇಳಿದ್ಳು. ದೊಡ್ಡವ್ವ ದಾರೀಲಿದ್ದಾಳೆ."

"ನೀ ಕಾಲೇಜಲ್ಲಿ ಹುಡುಗ್ರಿಗೆ ಧರ್ಮದ ಪಾಠ ಹೇಳ್ತೆ ಅಂತ ನಮಗೂ ಹೇಳಕ್ಕೆ ಬರಬೇಡ."

ಅವಳ ಮೈಗೆ ಬೆಂಕಿ ಬಿದ್ದಂತಾಯಿತು. ಪಾಠ ಹೇಳುತ್ತಿದ್ದುದು ನಿಜ. ಯಲ್ಲಾಪುರದ ಕಾಲೇಜಿನಲ್ಲಿ ಅವಳದು ಇತಿಹಾಸ. ಈ ವರ್ಷ ಏಷ್ಯಾದ ಧರ್ಮಗಳ ನಂಬಿಕೆ, ಆಚರಣೆಗಳ ಪರಿಚಯ ಎಂಬ ಹೊಸ ವಿಷಯವನ್ನೂ ತಲೆಗೆ ಕಟ್ಟಿದ್ದರು. ನಿನ್ನೆ ಮಧ್ಯಾಹ್ನವಷ್ಟೇ ಸಾವಿನ ಆಚರಣೆಗಳ ಪಾಠ ಮುಗಿಸಿದ್ದಳು. ಪಾರ್ಸಿಗಳ ಹದ್ದಿನ ಗೋಪುರ, ಸತ್ತವರ ಕಿವಿಯ ಬಳಿ ಟಿಬೆಟಿನ ಲಾಮಾಗಳು ಓದುವ ಮಂತ್ರ, ಮುಸಲ್ಮಾನರು ಮೆಕ್ಕಾದ ದಿಕ್ಕಿಗೆ ಮುಖ ಮಾಡಿ ಮಲಗಿಸುವುದು, ಹಿಂದೂಗಳ ಚಿತೆ. ಲಿಂಗಾಯತರಿಗೆ ಪುಸ್ತಕದಲ್ಲಿ ಒಂದೂವರೆ ಸಾಲು. ಆಚರಣೆಯೆಂದರೆ ನಂಬಿಕೆ ಮೈತಳೆಯುವ ರೀತಿ ಎಂದು ಅವಳು ಬರೆಸಿದ್ದಳು, ಹುಡುಗರು ತಲೆ ಎತ್ತದೆ ಬರೆದುಕೊಂಡಿದ್ದರು. ಒಂದು ಧರ್ಮಕ್ಕೆ ಒಂದು ಪುಟದಂತೆ ಎಲ್ಲ ಅಚ್ಚುಕಟ್ಟಾಗಿತ್ತು. ಒಂದೇ ಸೂರಿನಡಿ ಎರಡು ಒಲೆ ಉರಿದ ಮನೆಯಲ್ಲಿ ಹೆಣ ಯಾರದು ಎಂದು ಯಾರೂ ಕೇಳಿರಲಿಲ್ಲ.

"ಪಾಠ ಅಲ್ಲ ಇದು. ನನ್ನ ಅವ್ವ."

"ನಿನ್ನೊಬ್ಳಿಗೇ ಅವ್ವನಾ?" ಮನೋಹರನ ದನಿ ಏರಿತು. "ಅವ್ಳು ಈ ಮನೆಗೆ ಬಂದಾಗ ನಂಗೆ ಆರು ವರ್ಷ. ನಮ್ಮಮ್ಮ ಹಾಸಿಗೆ ಹಿಡಿದಿದ್ಳು. ನನ್ನ ಕುಂಡೆ ತೊಳೆದವ್ಳು ಅತ್ತಿಗೆ, ಬಾಯಿಗೆ ಅನ್ನ ಇಟ್ಟವ್ಳು ಅತ್ತಿಗೆ. ಅವ್ಳ ಬೂದಿ ಗೋಕರ್ಣಕ್ಕೆ ಹೋಗ್ಬೇಕು, ಹಿರೇರ ಹಬ್ಬಕ್ಕೆ ನಮ್ಮಮ್ಮನ ಎಡೆ ಪಕ್ಕ ಅವ್ಳ ಎಡೆ ಬೀಳ್ಬೇಕು. ಹೊರಗಿನವ್ಳ ಹಂಗೆ ಗುಂಡಿಗೆ ಹಾಕಕ್ಕೆ ನಾ ಬಿಡದಿಲ್ಲ."

"ನಿನ್ನ ಋಣ ತೀರ್ಸಕ್ಕೆ ಅವ್ಳ ಮೈ ಬೇಕಾ ನಿಂಗೆ?"

ಮನೋಹರ ಹೊಡೆಯುವವನಂತೆ ಒಂದು ಹೆಜ್ಜೆ ಮುಂದಿಟ್ಟ, ಅಲ್ಲೇ ನಿಂತ. ಅಂಗಳದಲ್ಲಿದ್ದ ಗಂಡಸರು ಎದ್ದುನಿಂತರು.

"ನಾ ಯಜಮಾನ ಅಲ್ಲ," ಎಂದ ಅವನು. "ಯಜಮಾನ ಅಲ್ಲಿ ಕೂತಿದ್ದಾನೆ. ಅಣ್ಣ ಹೇಳ್ಲಿ."

ಅಪ್ಪ ಜಗುಲಿಯ ಕಂಬಕ್ಕೊರಗಿ ಕೂತಿದ್ದ. ರೋಹಿಣಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಪ್ಪ, ಆಸ್ಪತ್ರೆಲಿ ಅವ್ವ ಎಂತ ಹೇಳಿದ್ಳು? ಎಲ್ಲರ ಎದುರಿಗೆ ಹೇಳು."

ಅಪ್ಪ ತಮ್ಮನನ್ನು ನೋಡಿದ, ನೆರೆದವರನ್ನು ನೋಡಿದ. ಆಮೇಲೆ ತನ್ನ ಅಂಗೈ ನೋಡಿಕೊಳ್ಳುತ್ತ, "ನಂಗೆ ಸರಿ ನೆನಪಿಲ್ಲ," ಎಂದ.

ಅವಳು ಎದ್ದಳು. ಚಿಕ್ಕಪ್ಪನ ಮೇಲಿದ್ದ ಸಿಟ್ಟೆಲ್ಲ ಹೊರಳಿ ಈ ಮುದುಕನ ಮೇಲೆ ಬಂತು. ಕರಡಿಗೆಯನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು. ಕೊಟ್ಟಿಗೆಗೆ ಹೋಗಿ ಪಿಕಾಸಿ ಎತ್ತಿಕೊಂಡು ಮನೆಯ ಹಿಂದಿನ ಬೇಣದ ಗುಡ್ಡ ಹತ್ತಿದಳು. ದನ ಮೇಯುವ ಹುಲ್ಲುಗಾವಲು, ಮನೆಯದೇ ಜಾಗ. ಯಾರೂ ತಡೆಯಲಿಲ್ಲ. ಎಷ್ಟು ಅಗೆಯುತ್ತಾಳೆ ನೋಡೋಣ ಎಂಬ ಹಾಗೆ ಕೆಳಗೆ ನಿಂತೇ ನೋಡಿದರು.

ಶಿವರಾತ್ರಿ ಕಳೆದ ಬಿಸಿಲಿಗೆ ನೆಲ ಹೆಂಚಿನಂತಾಗಿತ್ತು. ಪಿಕಾಸಿ ಬಿದ್ದಲ್ಲೆಲ್ಲ ಠಣ್ಣೆಂದಿತು. ಹುಲ್ಲಿನ ಅಡಿಯಲ್ಲೇ ಚಿರೇಕಲ್ಲು. ಕೈಗೆ ಬೊಬ್ಬೆ ಬಂತು, ಒಂದು ಒಡೆಯಿತು. ಅವಳು ಬಿಡಲಿಲ್ಲ. ಎತ್ತಿ ಎತ್ತಿ ಹಾಕಿದಳು. ಒಂದೊಂದು ಏಟಿಗೂ ಕೆಳಗೆ ಜಗುಲಿಯ ಮೇಲೆ ಅವ್ವನ ಮೊಣಕಾಲು ಮತ್ತಷ್ಟು ಸೆಟೆಯುತ್ತಿದೆ ಎಂಬುದೇ ತಲೆಯಲ್ಲಿ ಕುಟ್ಟುತ್ತಿತ್ತು.

ಹಿಂದೆ ಒಣಹುಲ್ಲು ಸರಸರ ಎಂದಿತು. ಅಪ್ಪ ಬಂದು ನಿಂತಿದ್ದ, ಏದುಸಿರು ಬಿಡುತ್ತ.

"ಇಲ್ಲಿ ಕಲ್ಲು," ಎಂದ. "ಆ ನೇರಳೆ ಮರದ ಬುಡದಾಚೆ ಮಣ್ಣು ಮೆತ್ತಗದೆ. ಆಳಕ್ಕೂ ಕಲ್ಲು ಸಿಕ್ಕದಿಲ್ಲ."

"ನಿಂಗೆ ಹೆಂಗೆ ಗೊತ್ತು?"

ಅಪ್ಪ ಮರದ ಕಡೆ ತಿರುಗಿದ. "ಆಸ್ಪತ್ರೆಯಿಂದ ಬಂದ ಮಾರನೇ ದಿವ್ಸ ಹಾರೆ ಹಾಕಿ ನೋಡಿದ್ದೆ," ಎಂದ.

ರೋಹಿಣಿ ಪಿಕಾಸಿಯನ್ನು ನೆಲಕ್ಕೆ ಎಸೆದಳು. ಎದೆ ಕರಗಬೇಕಿತ್ತು, ಕರಗಲಿಲ್ಲ. ಅವನಿಗೆ ನೆನಪಿತ್ತು. ನೆನಪಿಟ್ಟುಕೊಂಡು, ಜಾಗ ಹುಡುಕಿಟ್ಟುಕೊಂಡು, ನೆನಪಿಲ್ಲ ಎಂದಿದ್ದ.

"ಇಲ್ಲಿ ಬಂದು ನನ್ನ ಕಿವೀಲಿ ಎಂತಕ್ಕೆ ಹೇಳ್ತೆ? ಅಲ್ಲಿ ಹೇಳ್ಬೇಕಾಗಿತ್ತು."

"ಮನೋಹರ ಅಳ್ತಾ ಇದ್ದ. ಊರವ್ರೆಲ್ಲ ಇದ್ರು. ನೀ ಅಗೀತೆ ಅಂದ್ರೆ ನಾನೂ ಒಂದು ಕೈ..."

"ಬೇಡ. ಮುಟ್ಟಬೇಡ ಅದನ್ನ." ಅಪ್ಪ ಬಗ್ಗಿ ಹಿಡಿದಿದ್ದ ಪಿಕಾಸಿಯನ್ನು ಅವಳು ಕಾಲಿನಿಂದ ಒತ್ತಿ ಹಿಡಿದಳು. "ನಿನ್ನ ಸಲುವಾಗಿ ಅವ್ಳು ಅಪ್ಪ, ಅಣ್ಣ, ಮಠ, ಊರು ಎಲ್ಲರ ಎದುರಿಗೆ ನಿಂತಿದ್ಳು. ಆಗ ಅವ್ಳಿಗೆ ಹತ್ತೊಂಬತ್ತು ವರ್ಷ. ನಿಂಗೀಗ ಎಪ್ಪತ್ತು. ನಿನ್ನ ತಮ್ಮನ ಎದುರಿಗೆ ಒಂದು ಮಾತು ಬಾಯಿಂದ ಬರದಿಲ್ಲ. ಕೆಳಗೆ ಹೋಗಿ ಹೇಳು. ಹೇಳದಿದ್ರೆ ಸುಡ್ಸು. ಕದ್ದು ಹೂಳಕ್ಕೆ ಅವಳೆಂತ ಕಳ್ಳಿ ಅಲ್ಲ."

ಅಪ್ಪ ಅವಳ ಮುಖವನ್ನೇ ನೋಡುತ್ತ ನಿಂತ. ಆಮೇಲೆ ತಿರುಗಿ, ಇಳಿಜಾರಿನಲ್ಲಿ ಅಲ್ಲಲ್ಲಿ ಕೈಯೂರುತ್ತ ಇಳಿದ. ರೋಹಿಣಿ ಹಿಂದೆಯೇ ನಡೆದಳು. ಕೈ ಹಿಡಿದು ಇಳಿಸಲಿಲ್ಲ.

ಅಂಗಳದಲ್ಲಿ ಬಿದಿರಿನ ಚಟ್ಟ ಕಟ್ಟಿ ಮುಗಿಯುತ್ತ ಬಂದಿತ್ತು. ಅಪ್ಪ ನೇರ ಮನೋಹರನ ಮುಂದೆ ಹೋಗಿ ನಿಂತ.

"ಅವ್ಳು ಹೇಳಿದ್ದು ನಂಗೆ ನೆನಪದೆ," ಎಂದ. "ಸುಡಬೇಡ ಅಂದಿದ್ಳು. ಕೂರಿಸಿ ಇಡಿ ಅಂದಿದ್ಳು. ನಾ ಹೂಂ ಅಂದಿದ್ದೆ. ಆಗ್ಲೆ ಹೇಳಿದ್ದು ಸುಳ್ಳು."

ಮನೋಹರ ಅಣ್ಣನನ್ನು ಗುರುತು ಸಿಗದವನಂತೆ ನೋಡಿದ.

"ಹಂಗಾದ್ರೆ ಹಿರೇರ ಎಡೇಲಿ ಅವ್ಳ ಎಲೆ ಇಲ್ಲ, ಅಣ್ಣ."

"ಇರ್ತದೆ. ನಾ ಇಡ್ತೆ."

"ನೀನೇ ಇಟ್ಕ. ನಾ ಈ ಕೆಲ್ಸಕ್ಕೆ ಕೈ ಹಾಕದಿಲ್ಲ." ಮನೋಹರ ಹೆಗಲ ಮೇಲಿನ ಟವೆಲು ಕೊಡವಿ ಬೇಲಿಯ ದಣಪೆ ದಾಟಿ ನಡೆದೇಬಿಟ್ಟ. ನಾಲ್ಕಾರು ಜನ ಅವನ ಹಿಂದೆ ಹೋದರು. ಉಳಿದವರು ಹೋಗಲೂ ಆಗದೆ ಇರಲೂ ಆಗದೆ ಬೀಡಿ ಹಚ್ಚಿದರು. ಕೊನೆಗೆ ಪಕ್ಕದ ಮನೆಯ ಹುಚ್ಚ ನಾಯ್ಕ ಬೀಡಿ ಎಸೆದು, "ಎಲ್ಲಿ, ನೇರಳೆ ಮರದ ಹತ್ರನಾ?" ಎಂದು ಕೇಳಿ ಗುದ್ದಲಿ ಹುಡುಕಹೊರಟ. ಇಬ್ಬರು ಅವನ ಜೊತೆ ಎದ್ದರು.

ದೇವಕ್ಕನ ಆಟೋ ಬಂದಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಸೆರಗಿನಲ್ಲಿ ವಿಭೂತಿಯ ಉಂಡೆಗಳನ್ನೂ ಬಿಲ್ವಪತ್ರೆಯನ್ನೂ ಕಟ್ಟಿಕೊಂಡಿದ್ದಳು. ಒಬ್ಬಳೇ ಇಳಿದಳು.

"ಶಂಭುಲಿಂಗ ಮಾವ?" ಅವ್ವನ ಅಣ್ಣನ ಬಗ್ಗೆ ರೋಹಿಣಿ ಕೇಳಿದಳು. "ಮಠದ ಅಯ್ಯನವ್ರು?"

"ಬರಲಿಲ್ಲವ್ವಾ. ಮೀನ ತಿನ್ನೋರ ಮನಿಗೆ ಪಾದಾ ಇಡಂಗಿಲ್ಲ ಅಂದ್ರು ಸಂಗಯ್ಯನೋರು. ಅವ್ರು ಒಲ್ಲೆ ಅಂದಮ್ಯಾಲೆ ನಿಮ್ಮ ಮಾವನೂ ಒಲ್ಲೆ ಅಂದ."

ಇವರು ಸುಡದೆ ಬಿಡುವುದಿಲ್ಲ ಎಂದರು. ಅವರು ಹೂಳಲು ಬರುವುದಿಲ್ಲ ಎಂದರು. ಇಬ್ಬರೂ ಧರ್ಮದ ಹೆಸರನ್ನೇ ಹೇಳಿದರು. ರೋಹಿಣಿಯ ಹಲ್ಲು ಕಟಕಟ ಎಂದಿತು.

"ಹೂಳಕ್ಕೆ ಮುಂಚೆ ಅಯ್ಯನವ್ರ ಪಾದ ಅವ್ವನ ತಲೆಗೆ ತಾಗದೆ ನಡೀತದಾ, ದೊಡ್ಡವ್ವ?"

"ನಡಿಯಂಗಿಲ್ಲ ಅಂತಾರ." ದೇವಕ್ಕ ಚಪ್ಪಲಿ ಬಿಟ್ಟು ಜಗುಲಿ ಹತ್ತಿದಳು. "ಈಕಿ ನನ್ನ ಸೊಂಟದ ಮ್ಯಾಲೆ ಬೆಳದಾಳ. ನಾ ಮಾಡ್ತೀನಿ. ತಪ್ಪಾದ್ರ ನನಗ ಬರ್ಲಿ."

ಅವಳು ಹೆಬ್ಬೆರಳುಗಳ ಕಟ್ಟು ಬಿಚ್ಚಿ, ತಂಗಿಯ ಮೊಣಕಾಲು ಹಿಡಿದು ಮೆಲ್ಲಗೆ ಎತ್ತಿ ನೋಡಿದಳು. ಇಡೀ ಕಾಲು ಕಟ್ಟಿಗೆಯಂತೆ ಒಟ್ಟಿಗೆ ಮೇಲೆದ್ದಿತು. ದೇವಕ್ಕ ಕಣ್ಣು ಮುಚ್ಚಿಕೊಂಡಳು.

"ಇಷ್ಟೊತ್ತು ಏನ ಮಾಡ್ತಿದ್ರಿ ನೀವೆಲ್ಲಾ?"

ಜಯಾ ತಾನಾಗಿ ಎದ್ದು ಹಂಡೆಗೆ ಬೆಂಕಿ ಹಾಕಿದಳು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಮೊಣಕಾಲಿಗೂ ತೊಡೆಯ ಸಂದಿಗೂ ಸುತ್ತಿದರು. ದೇವಕ್ಕ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಳು. ರೋಹಿಣಿ ಒಡೆದ ಬೊಬ್ಬೆಯ ಕೈಯಲ್ಲೇ ತಿಕ್ಕಿದಳು. ಎಷ್ಟೋ ಹೊತ್ತಿನ ಮೇಲೆ ಎಡಗಾಲು ಬಾಗಿತು. ಬಲಗಾಲು ಅರ್ಧ ಬಾಗಿ ಅಲ್ಲೇ ನಿಂತಿತು. ಇನ್ನಷ್ಟು ಒತ್ತಲು ಹೋದ ರೋಹಿಣಿಯ ಕೈಯನ್ನು ದೇವಕ್ಕ ಸರಿಸಿದಳು.

"ಸಾಕು. ಮುರದೀತು."

ಅರಿಶಿನ ಒರೆಸಿ ವಿಭೂತಿ ಹಚ್ಚಿದರು. ಕೂರಿಸಿ ಹೊತ್ತೊಯ್ಯುವ ಮಂಟಪದಂಥ ವಿಮಾನ ಕಟ್ಟುವವರು ಇಲ್ಲಿ ಯಾರೂ ಇರಲಿಲ್ಲ. ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಸೀರೆಯಿಂದ ಬೆನ್ನಿಗೂ ಸೊಂಟಕ್ಕೂ ಬಿಗಿದು, ನಾಲ್ಕು ಜನ ಎತ್ತಿದರು. ಒಂದು ಮೂಲೆಗೆ ಅಪ್ಪ ಕೈ ಕೊಟ್ಟ. ಅರ್ಧ ಚಾಚಿದ ಬಲಗಾಲು ದಾರಿಯುದ್ದಕ್ಕೂ ಲಂಟಾನದ ಗಿಡಗಳಿಗೆ ತಾಗುತ್ತ ಹೋಯಿತು. ಒಂದೊಂದು ಸಲ ತಾಗಿದಾಗಲೂ ರೋಹಿಣಿಗೆ ಯಾರನ್ನಾದರೂ ಹಿಡಿದು ಹೊಡೆಯಬೇಕು ಅನ್ನಿಸಿತು.

ಕುಣಿಯೊಳಗೆ ಮೊದಲು ಅವಳೇ ಇಳಿದಳು. ದೇವಕ್ಕ ಮೇಲಿನಿಂದ ಹೇಳಿದಂತೆ ಗೋಡೆಗೆ ಬೆನ್ನು ಕೊಟ್ಟು ಕೂತು, ಇಳಿಸಿದ ಅವ್ವನನ್ನು ತನ್ನ ಎದೆಗಾನಿಸಿಕೊಂಡಳು. ಅವ್ವ ಇಷ್ಟು ಭಾರವಿರುತ್ತಾಳೆಂದು ಅವಳು ಎಣಿಸಿರಲಿಲ್ಲ. ಸೆಟೆದ ತಲೆ ಅವಳ ಹೆಗಲಿಗೆ ಒರಗಿತು. ಅಪ್ಪ ಅಂಚಿನಲ್ಲಿ ಮಂಡಿಯೂರಿ, ಮಗಳಿಂದ ಲಿಂಗವನ್ನು ಇಸಿದುಕೊಂಡು ಹೆಂಡತಿಯ ಎಡಗೈಯಲ್ಲಿಟ್ಟ. ಬೆರಳು ಮಡಚಲಿಲ್ಲ. ದೇವಕ್ಕ ಅದರ ಮೇಲೆ ಬಟ್ಟೆ ಸುತ್ತಿದಳು. ಆಮೇಲೆ ತನ್ನ ಬಲಗಾಲನ್ನು ಇಳಿಬಿಟ್ಟು ತಂಗಿಯ ನೆತ್ತಿಗೆ ಒಮ್ಮೆ ತಾಗಿಸಿದಳು. ಏನು ಹೇಳಿಕೊಂಡಳೋ ಯಾರಿಗೂ ಕೇಳಲಿಲ್ಲ.

ಮಣ್ಣು ಬೀಳತೊಡಗಿತು. ಹುಚ್ಚ ನಾಯ್ಕ ಮುಖಕ್ಕೆ ಸಿಡಿಯದಂತೆ ಬದಿಯಿಂದ ನಿಧಾನ ಸರಿಸುತ್ತಿದ್ದ. ಚಾಚಿದ ಕಾಲು ಮುಚ್ಚಿತು, ಮಡಿಲು ಮುಚ್ಚಿತು. ರೋಹಿಣಿ ಬೆನ್ನಿನ ಹಿಂದಿನಿಂದ ಎದ್ದು ಬದಿಗೆ ಬಂದಳು. ಹೆಗಲು ಮಾತ್ರ ಬಿಡಲಿಲ್ಲ. ಹಿಂದಿನ ತೆರವಿಗೂ ಮಣ್ಣು ತುಂಬಿದರು. ಅದು ಅವ್ವನ ಎದೆಯ ಮಟ್ಟಕ್ಕೆ ಬಂತು, ನಿಂತ ರೋಹಿಣಿಯ ತೊಡೆಯ ಮಟ್ಟಕ್ಕೂ ಬಂತು.

"ಬಿಡವ್ವಾ ಇನ್ನ," ಎಂದಳು ದೇವಕ್ಕ. "ಇನ್ನ ಆಕೀನ ಕುಂದರ್ತಾಳ."

ರೋಹಿಣಿ ಒಂದು ಕೈ ತೆಗೆದಳು. ಸ್ವಲ್ಪ ತಡೆದು ಇನ್ನೊಂದನ್ನೂ ತೆಗೆದಳು. ಅವ್ವ ವಾಲಲಿಲ್ಲ.